ಎಂಟು ಸುತ್ತು

ದುರ್ಗದಬೈಲ ಹತ್ತಿರದ ಓಣಿಯೊಂದರಲ್ಲಿ ನೈಕ್ರೋಮ್ ತಂತಿ ಕೇಳಿದಾಗ ಅಂಗಡಿ ಕಾಕಾ ಕೇಳಿದ್ದು ಒಂದೇ ಪ್ರಶ್ನೆ: "ಒಲಿಗೇನು ತಮ್ಮಾ?"

"ಇಲ್ರೀ ಕಾಕಾ, ಥರ್ಮಾಕೋಲ್ ಕತ್ತರಸಾಕ. ಪ್ರಾಜೆಕ್ಟ್ ಐತಿ" ಅಂದ್ವಿ. ಅರ್ಧ ಖರೆ. ಉಳಿದರ್ಧ ತಂತಿ ನಮ್ಮ ರೂಮಿನ ಗೆಳೆಯನ ವೇಪ್‌ಗೆ.

ಅವನ ಕಾಯಿಲ್ ಸುಟ್ಟು ಕರಕಲಾಗಿತ್ತು. "ನೀವು ಎಲೆಕ್ಟ್ರಿಕಲ್‌ನವರು, ಒಂದು ಸುತ್ತಿ ಕೊಡ್ರಲೇ" ಅಂದ. ನಮ್ಮ ಮೂವರಿಗೂ ಅಷ್ಟು ಹೊಗಳಿಕೆ ಸಾಕಾಯ್ತು.

28 ಗೇಜ್ ನೈಕ್ರೋಮ್ ಮೀಟರಿಗೆ ಸುಮಾರು 10 ಓಮ್. ಒಂದು ಓಮ್ ಬೇಕಂದ್ರೆ 10 ಸೆಂಟಿಮೀಟರ್. 3 ಮಿ.ಮೀ. ಡ್ರಿಲ್ ಬಿಟ್‌ಗೆ ಸುತ್ತಿ, ಎರಡೂ ಕಡೆ ಕಾಲು ಬಿಟ್ಟರೆ ಎಂಟು ಸುತ್ತು. ಮೊದಲನೆಯದು ಒಂದೇ ಅಂಚಿನಲ್ಲಿ ಕೆಂಪಾಯ್ತು. ಸುತ್ತುಗಳು ಅಲ್ಲಲ್ಲಿ ತಾಗಿ ಕರೆಂಟು ಅಡ್ಡದಾರಿ ಹಿಡಿದಿತ್ತು. ಸ್ವಲ್ಪ ಸ್ವಲ್ಪವೇ ಕಾಯಿಸಿ, ಕರೆಂಟು ತೆಗೆದು, ಚಿಮುಟದಿಂದ ಒತ್ತಿ, ಮತ್ತೆ ಕಾಯಿಸಿದ್ವಿ. ತಂತಿ ಮೇಲೆ ಆಕ್ಸೈಡ್ ಪದರ ಕೂತರೆ ಅದೇ ಇನ್ಸುಲೇಶನ್. ನಾಲ್ಕನೇ ಕಾಯಿಲ್ ನಟ್ಟನಡುವಿನಿಂದ ಹೊರಗೆ ಸಮನಾಗಿ ಕೆಂಪೇರಿದಾಗ ನಾವು ಕೂಗಿದ ಕೂಗಿಗೆ ಪಕ್ಕದ ರೂಮಿನವರು ಬಾಗಿಲು ಬಡಿದರು. ಲ್ಯಾಬ್‌ನಲ್ಲಿ ಓಮ್‌ನ ನಿಯಮ ಇಷ್ಟು ಖುಷಿ ಕೊಟ್ಟಿರಲಿಲ್ಲ.

"ಇನ್ನಷ್ಟು ಹೊಗಿ ಬೇಕು" ಅಂದ. ಉದ್ದ ಅರ್ಧ ಮಾಡಿದ್ವಿ. ತುಂಬಿದ ಸೆಲ್ 4.2 ವೋಲ್ಟ್, 17 ವ್ಯಾಟ್ ಇದ್ದದ್ದು 35 ಆಯ್ತು, ಕರೆಂಟು 8.4 ಆಂಪಿಯರ್. ಹಳೇ ಲ್ಯಾಪ್‌ಟಾಪ್ ಬ್ಯಾಟರಿಯಿಂದ ಕಿತ್ತ ಸೆಲ್ ಅದು. ಕೈಯಲ್ಲಿ ಹಿಡಿಯಲಾರದಷ್ಟು ಬಿಸಿಯಾಗಿ, ಮೂವರೂ ಕಾರಿಡಾರಿಗೆ ಓಡಿದ್ವಿ. ಮರುದಿನ ಮತ್ತೆ ಎಂಟು ಸುತ್ತಿಗೇ ಬಂದ್ವಿ.

ಓಮ್ ಬರೆದಿಟ್ಟೆವು, ವ್ಯಾಟ್ ಬರೆದಿಟ್ಟೆವು. ಅವ ದಿನಕ್ಕೆ ಎಷ್ಟು ಸಲ ಎಳೀತಾನೆ ಅಂತ ಬರೆದಿಡಲಿಲ್ಲ. ಮೊದಲು ಮೆಸ್ಸಿನಲ್ಲಿ ಊಟ ಆದಮೇಲೆ ಒಮ್ಮೆ ಎಳೀತಿದ್ದವ, ಕಾಯಿಲ್ ಚೆಂದ ಆದಮೇಲೆ ಪುಟಕ್ಕೊಮ್ಮೆ ಓದು ನಿಲ್ಲಿಸತೊಡಗಿದ. ರಾತ್ರಿ ಎರಡಕ್ಕೆ ಎಚ್ಚರಾದ್ರೆ ಅವನ ಮಂಚದ ಕಡೆ ಸಣ್ಣ ಬೆಳಕು. ಇಂಟರ್ನಲ್ಸ್ ನಡುವೆಯೇ ಎದ್ದು ಹೊರಗೆ ಹೋದ.

ಆಮೇಲೆ ಕಾನೂನು ಓದಿದ್ವಿ. ಕರ್ನಾಟಕ ಇ-ಸಿಗರೇಟ್ ನಿಷೇಧಿಸಿದ್ದು 2016ರಲ್ಲಿ, ಇಡೀ ದೇಶಕ್ಕೆ ಕಾಯ್ದೆ ಬಂದದ್ದು 2019ರಲ್ಲಿ. ಅದರ ಪ್ರಕಾರ 'ತಯಾರಿಕೆ' ಅಂದ್ರೆ ಅದರ ಯಾವುದೇ ಭಾಗ ಮಾಡುವುದೂ ಸೇರುತ್ತದೆ. ಮೊದಲ ಸಲ ಸಿಕ್ಕರೆ ಒಂದು ವರ್ಷದವರೆಗೆ ಜೈಲು, ಅಥವಾ 1 ಲಕ್ಷದವರೆಗೆ ದಂಡ, ಅಥವಾ ಎರಡೂ. ಪ್ಲೇಸ್‌ಮೆಂಟ್‌ಗೂ ಮೊದಲೇ ನಾವು ತಯಾರಕರಾಗಿಬಿಟ್ಟಿದ್ವಿ! ನಿಜ ಹೇಳಬೇಕಂದ್ರೆ, ಗೆಳೆಯನ ಚಿಂತೆಗಿಂತ ಈ ಹೆದರಿಕೆಯೇ ನಮ್ಮ ಕೈ ನಿಲ್ಲಿಸಿದ್ದು.

"ಇನ್ನು ಸುತ್ತಂಗಿಲ್ಲಪಾ" ಅಂದ್ವಿ. ಅವ ಸಿಟ್ಟಾಗಲಿಲ್ಲ. "ಆತ್ ಬಿಡ್ರಲೇ" ಅಂದ, ಅಷ್ಟೇ.

ಉಳಿದ ತಂತಿಯನ್ನು ಮರದ ಚೌಕಟ್ಟಿಗೆ ಬಿಗಿದು ಥರ್ಮಾಕೋಲ್ ಕಟರ್ ಮಾಡಿದ್ವಿ. ಕಾಕಾಗೆ ಹೇಳಿದ ಮಾತು ಪೂರ್ತಿ ಖರೆ ಆಯ್ತು ಅಂದ್ಕೊಂಡಿದ್ವಿ. ಮೊನ್ನೆ ಚೌಕಟ್ಟಿಗೆ ತೂತು ಹೊಡೆಯೋಣ ಅಂದ್ರೆ 3 ಮಿ.ಮೀ. ಡ್ರಿಲ್ ಬಿಟ್ ಕಾಣಲಿಲ್ಲ. ಗೆಳೆಯನ ದಿಂಬಿನ ಕೆಳಗಿತ್ತು, ಮೇಲೆ ಎಂಟು ಸುತ್ತು ಒಂದಕ್ಕೊಂದು ತಾಗದ ಹಾಗೆ ನೀಟಾಗಿ ಕೂತಿದ್ದವು.