ಮೊಂತೋನೆಯ ಸೂರ್ಯಗಡಿಯಾರ

ಇಟಲಿ ದೇಶದ ಪೆರುಜಾ ಪ್ರಾಂತ್ಯದಲ್ಲಿ, ಟೈಬರ್ ನದಿಯ ಮೇಲ್ಕಣಿವೆಯಲ್ಲಿ, ಮೊಂತೋನೆ ಎಂಬ ಪುಟ್ಟ ಊರಿದೆ. 2023ರ ಜುಲೈ ತಿಂಗಳಲ್ಲಿ ಅಲ್ಲಿ ಭಾರತೀಯ ಸೈನಿಕನೊಬ್ಬನ ಹೆಸರಿನಲ್ಲಿ ಸ್ಮಾರಕವೊಂದು ಅನಾವರಣಗೊಂಡಿತು. ಅವನು ಆ ಬೆಟ್ಟಗಳ ನಡುವೆ ಮಡಿದು ಅಂದಿಗೆ 79 ವರ್ಷಗಳು ಸಂದಿದ್ದವು. ಆ ಸ್ಮಾರಕ ಒಂದು ಸೂರ್ಯಗಡಿಯಾರ.

ಸೈನಿಕನ ಹೆಸರು ನಾಯಕ್ ಯಶವಂತ ಘಾಡಗೆ. ಇಂದಿನ ಮಹಾರಾಷ್ಟ್ರದ ರಾಯಗಡ ಜಿಲ್ಲೆಯವನು. 5ನೆಯ ಮರಾಠಾ ಲಘು ಪದಾತಿದಳದ 3ನೆಯ ಬೆಟಾಲಿಯನ್ನಿಗೆ ಸೇರಿದವನು. ಆ ದಳದ ಕೇಂದ್ರ ನಮ್ಮ ಬೆಳಗಾವಿಯಲ್ಲೇ ಇರುವುದರಿಂದ ಕನ್ನಡಿಗರಿಗೆ ಅದು ಪರಕೀಯವಲ್ಲ. 1944ರ ಜುಲೈ 10ರಂದು ಆತ ಮಡಿದಾಗ ವಯಸ್ಸು ಕೇವಲ 22.

ಅಂದು ಶತ್ರುಗಳ ಭದ್ರ ನೆಲೆಯೊಂದರ ಮೇಲೆ ದಾಳಿ ನಡೆದಿತ್ತು. ಆತನ ಕೈಕೆಳಗಿನ ತುಕಡಿ ಮಷಿನ್‌ಗನ್ನಿನ ಗುಂಡಿಗೆ ಸಿಕ್ಕಿತು; ಆತನೊಬ್ಬನ ಹೊರತು ಉಳಿದವರೆಲ್ಲ ಸತ್ತರು ಇಲ್ಲವೇ ಗಾಯಗೊಂಡರು. ಆತ ಒಬ್ಬನೇ ಮುನ್ನುಗ್ಗಿ ಕೈಬಾಂಬು ಎಸೆದು ಮಷಿನ್‌ಗನ್ನನ್ನೂ ಅದನ್ನು ಹಾರಿಸುತ್ತಿದ್ದವನನ್ನೂ ಅಡಗಿಸಿದ. ಇನ್ನೊಬ್ಬನನ್ನು ಗುಂಡಿಕ್ಕಿ ಕೊಂದ. ಮತ್ತೆ ಗುಂಡು ತುಂಬಲು ವೇಳೆಯಿರಲಿಲ್ಲ. ತನ್ನ ಬಂದೂಕನ್ನು ನಳಿಗೆಯ ಕಡೆಯಿಂದ ಹಿಡಿದು, ಉಳಿದಿಬ್ಬರನ್ನು ಬಡಿದು ಕೊಂದ. ಅಷ್ಟರಲ್ಲಿ ಮರೆಯಲ್ಲಿದ್ದ ಶತ್ರುಗಳ ಗುಂಡು ತಗುಲಿ, ತಾನು ಗೆದ್ದ ನೆಲೆಯಲ್ಲೇ ಪ್ರಾಣ ಬಿಟ್ಟ.

ಇಷ್ಟನ್ನೂ ವಿಕ್ಟೋರಿಯಾ ಕ್ರಾಸ್ ಪ್ರಶಸ್ತಿಯ ಬಿನ್ನವತ್ತಳೆಯೇ ಮುಚ್ಚುಮರೆಯಿಲ್ಲದೆ ಹೇಳಿದೆ. ಸ್ಮರಣೆಯ ಭಾಷಣಗಳು ಸಾಮಾನ್ಯವಾಗಿ 'ವೀರಮರಣ' ಎಂಬ ಒಂದು ಮಾತಿನಲ್ಲಿ ಇದನ್ನು ದಾಟಿಬಿಡುತ್ತವೆ. ಜಮೆಯನ್ನು ಮಾತ್ರ ಓದಿ ಖರ್ಚಿನ ಪುಟವನ್ನು ಮಗುಚಿಡುವ ಲೆಕ್ಕ ಅದು. ಆತನ ಧೈರ್ಯ ದೊಡ್ಡದು. ಸಂಗಾತಿಗಳು ಕಣ್ಣೆದುರೇ ಉರುಳಿದಾಗ ಹಿಂದೆ ಸರಿಯದವನನ್ನು ಹಗುರಾಗಿ ಕಾಣಲು ಯಾರಿಗೂ ಹಕ್ಕಿಲ್ಲ. ಆದರೆ ಅಳವಿಗೆ ಸಿಕ್ಕ ಆ ಇಬ್ಬರಿಗೂ ಮುಖವಿತ್ತು, ಆತ ಅದನ್ನು ಕಂಡಿದ್ದ. ನಮ್ಮ ನಾಡಿನ ವೀರಗಲ್ಲುಗಳಲ್ಲಿ ವೀರನ ಕಾಲಡಿ ಬಿದ್ದವರನ್ನೂ ಶಿಲ್ಪಿಗಳು ಕೆತ್ತಿರುವುದುಂಟು. ಹೆಸರು ಮಾತ್ರ ವೀರನೊಬ್ಬನದೇ.

ಆ ಯುದ್ಧವಾದರೂ ಯಾರದು? 1939ರ ಸೆಪ್ಟೆಂಬರ್ 3ರಂದು ವೈಸರಾಯ್ ಲಿನ್‌ಲಿತ್‌ಗೋ ಭಾರತವೂ ಯುದ್ಧದಲ್ಲಿದೆ ಎಂದು ಸಾರಿದಾಗ ಈ ದೇಶದ ಜನಪ್ರತಿನಿಧಿಗಳನ್ನು ಕೇಳಿರಲಿಲ್ಲ. ಹೀಗಿದ್ದೂ ಸೈನ್ಯಕ್ಕೆ ಸೇರಿದವರು ಸ್ವಯಂ ಸೇರಿದವರೇ. ಇಟಲಿಯ ರಣರಂಗದಲ್ಲಿ ಮೂರು ಭಾರತೀಯ ಡಿವಿಷನ್ನುಗಳು ಹೋರಾಡಿದವು. 5,782 ಭಾರತೀಯರು ಹಿಂದಿರುಗಲಿಲ್ಲ. ಅಲ್ಲಿ ನೀಡಲಾದ 20 ವಿಕ್ಟೋರಿಯಾ ಕ್ರಾಸ್‌ಗಳಲ್ಲಿ 6 ಭಾರತೀಯ ಸೈನಿಕರಿಗೆ ಸಂದವು. ಘಾಡಗೆಯದು ಮರಣೋತ್ತರವಾದದ್ದು, ಅದನ್ನು ಸ್ವೀಕರಿಸಿದವಳು ಆತನ ವಿಧವೆ. ಆಕೆಯ ಪಾಲಿಗೆ ಆ ಕಂಚಿನ ಪದಕದ ತೂಕವೆಷ್ಟಿದ್ದಿತೋ, ಬಿನ್ನವತ್ತಳೆ ಬರೆದವರಿಗೆ ಅದು ತಿಳಿಯುವಂತಿರಲಿಲ್ಲ.

ಮೊಂತೋನೆಯವರು ಸೂರ್ಯಗಡಿಯಾರಕ್ಕೆ ಲ್ಯಾಟಿನ್ ಭಾಷೆಯ ಧ್ಯೇಯವಾಕ್ಯವೊಂದನ್ನು ಆರಿಸಿದರು. ನಾವೆಲ್ಲರೂ ಒಂದೇ ಸೂರ್ಯನ ಕೆಳಗೆ ಬಾಳುವವರು ಎಂಬುದು ಅದರ ತಾತ್ಪರ್ಯ. ಯುದ್ಧವನ್ನು ತಮ್ಮ ಹೊಲಮನೆಗಳಲ್ಲೇ ಕಂಡ ಜನರ ಮಕ್ಕಳು, ಮೊಮ್ಮಕ್ಕಳು ಅವರು. ಸ್ಮಾರಕದ ಹೆಸರಿನಲ್ಲಿರುವವನು ಯಶವಂತ ಘಾಡಗೆ ಒಬ್ಬನೇ. ಆ ವಾಕ್ಯದಲ್ಲಾದರೋ ಮಷಿನ್‌ಗನ್ನಿನ ಬಳಿಯಿದ್ದ ಆ ನಾಲ್ವರಿಗೂ, ಮರೆಯಿಂದ ಗುಂಡು ಹಾರಿಸಿದವರಿಗೂ ಎಡೆಯಿದೆ.