ಹಳೆ ಗೋವಾದಲ್ಲಿ ಜಾರ್ಜಿಯಾದ ರಾಣಿ

ಹಳೆ ಗೋವಾದ ಗುಡ್ಡವೇರಿದರೆ 46 ಮೀಟರ್ ಎತ್ತರದ ಜಂಬಿಟ್ಟಿಗೆಯ ಮುರುಕು ಗೋಪುರ ಎದುರಾಗುತ್ತದೆ. ಸಂತ ಅಗಸ್ಟೀನರ ಚರ್ಚಿನಲ್ಲಿ ಈಗ ಉಳಿದಿರುವುದು ಅದು ಮತ್ತು ಕುಸಿದ ಗೋಡೆಗಳು. ಈ ಗೋಡೆಗಳ ನಡುವೆಯೇ ಒಬ್ಬ ಸಂತಳ ಕೈಮೂಳೆ ಶತಮಾನಗಳ ಕಾಲ ಅಡಗಿತ್ತು.

ಆಕೆ ಜಾರ್ಜಿಯಾದ ರಾಣಿ ಕೆತೆವಾನ್. ಕ್ರೈಸ್ತಮತ ಬಿಡಲೊಪ್ಪದ ಆಕೆಯನ್ನು 1624ರಲ್ಲಿ ಪರ್ಷಿಯಾದ ಶಿರಾಜ್‌ನಲ್ಲಿ, ಷಾ ಅಬ್ಬಾಸನ ಆಜ್ಞೆಯಂತೆ, ಕೆಂಪಗೆ ಕಾದ ಇಕ್ಕಳಗಳಿಂದ ಹಿಂಸಿಸಿ ಕೊಂದರು. ಅಲ್ಲಿದ್ದ ಅಗಸ್ಟೀನ್ ಪಂಥದ ಪಾದ್ರಿಗಳು ಮೂಳೆಗಳನ್ನು ಗುಟ್ಟಾಗಿ ತೆಗೆದಿಟ್ಟು, ಕೈಮೂಳೆಯನ್ನು 1627ರಲ್ಲಿ ಗೋವಾಕ್ಕೆ ತಂದರು.

ಪೋರ್ಚುಗೀಸ್ ದಾಖಲೆಯ ಜಾಡು ಹಿಡಿದು ಪುರಾತತ್ವ ಇಲಾಖೆ ಅಗೆದಾಗ ಮೂಳೆ ದೊರೆಯಿತು. ಹೈದರಾಬಾದಿನ ಪ್ರಯೋಗಾಲಯದ ಡಿಎನ್‌ಎ ಪರೀಕ್ಷೆಯಲ್ಲಿ ಜಾರ್ಜಿಯನ್ನರಲ್ಲಿ ಕಾಣುವ ವಂಶಗುರುತು ಸಿಕ್ಕಿತು. 2021ರಲ್ಲಿ ಭಾರತ ಆ ಅವಶೇಷದ ಒಂದು ಭಾಗವನ್ನು ಜಾರ್ಜಿಯಾಕ್ಕೆ ಒಪ್ಪಿಸಿತು. ಎಲ್ಲಿ ಅಗೆಯಬೇಕೆಂದು ಹೇಳಿದ್ದು ಇತಿಹಾಸ. ಸಿಕ್ಕಿದ್ದು ಯಾರದೆಂದು ಹೇಳಿದ್ದು ವಿಜ್ಞಾನ.