25 ನಿಮಿಷಗಳ ಪ್ರಬಂಧ



ನಾನು ಉಪಾಧ್ಯಾಯಿನಿಯಾಗಿ ಸೇರಿದ ಮೊದಲನೆಯ ವರ್ಷ ನನ್ನ ತರಗತಿಯಲ್ಲಿದ್ದ ಹುಡುಗಿಯೊಬ್ಬಳು ಈಗ ಅಮೇರಿಕಾದಲ್ಲಿ ನೆಲೆಸಿರುವಳು. ಕಳೆದ ಬೇಸಿಗೆಯಲ್ಲಿ ಆಕೆಯು ಮಗಳೊಡನೆ ನನ್ನನ್ನು ಕಾಣಬಂದಳು. ಮಗಳು ಅಲ್ಲಿಯ ಕಾಲೇಜು ಪ್ರವೇಶಕ್ಕೆ ಸಿದ್ಧಳಾಗುತ್ತಿದ್ದಳು. “ಟೀಚರ್, ಇವಳು ನಿಧಾನವಾಗಿ ಬರೆಯುತ್ತಾಳೆ, ಆದರೆ ಚೆನ್ನಾಗಿ ಬರೆಯುತ್ತಾಳೆ. ಈಗ ಪರೀಕ್ಷೆಯಲ್ಲಿ ಪ್ರಬಂಧವೇ ಇಲ್ಲ. ಇದು ಇವಳಿಗೆ ಲಾಭವೋ, ನಷ್ಟವೋ?” ಎಂದು ಕೇಳಿದಳು. ಆ ಪ್ರಶ್ನೆಯು ಇಂದಿಗೂ ನನ್ನನ್ನು ಬಿಟ್ಟಿಲ್ಲ.

ಆ ದೇಶದ ಎಸ್.ಎ.ಟಿ. ಎಂಬ ಪರೀಕ್ಷೆಯಲ್ಲಿ 2005ರಿಂದ ಬರವಣಿಗೆಯ ಭಾಗವೊಂದು ಕಡ್ಡಾಯವಾಯಿತು. ಒಟ್ಟು 2400 ಅಂಕಗಳಲ್ಲಿ ಅದರ ಪಾಲು 800. ಅದರೊಳಗೆ 25 ನಿಮಿಷಗಳಲ್ಲಿ ಕೈಯಿಂದ ಬರೆಯತಕ್ಕ ಪ್ರಬಂಧವೂ ಇದ್ದಿತು. ಅದೇ ವರ್ಷ ಲೆಸ್ ಪೆರೆಲ್ಮನ್ ಎಂಬ ಪ್ರಾಧ್ಯಾಪಕರು ಪ್ರಕಟವಾದ ಮಾದರಿ ಪ್ರಬಂಧಗಳನ್ನು ಪರಿಶೀಲಿಸಿ, ಉದ್ದವಾದುದಕ್ಕೇ ಹೆಚ್ಚು ಅಂಕ ದೊರೆಯುತ್ತಿರುವುದನ್ನು ತೋರಿಸಿದರು. ಸಂಗತಿಗಳು ತಪ್ಪಾಗಿದ್ದರೂ ಅಂಕ ಕಳೆಯುತ್ತಿರಲಿಲ್ಲ. ಪುಟ ತುಂಬಿಸುವ ವಿದ್ಯೆಯನ್ನು ಹಣ ಕೊಟ್ಟು ಕಲಿಯುವವರಿಗೆ ಅನುಕೂಲವಾಯಿತು. ಯೋಚಿಸಿ ಬರೆಯುವವರು ಹಿಂದುಳಿದರು. 2016ರಲ್ಲಿ ಪ್ರಬಂಧವು ಐಚ್ಛಿಕವಾಯಿತು. 2021ರಲ್ಲಿ ಅದನ್ನು ಸಾಮಾನ್ಯ ಪರೀಕ್ಷೆಯಿಂದ ತೆಗೆದುಹಾಕಿದರು.

ಇದನ್ನು ಓದಿ ಪರರನ್ನು ದೂಷಿಸುವ ಅರ್ಹತೆ ನನಗಿಲ್ಲ. ಈ ತಾಯಿಯೇ ಬಾಲ್ಯದಲ್ಲಿ ತನ್ನ ಮನೆಯ ಬಾವಿಯನ್ನು ಕುರಿತು ಅರ್ಧ ಪುಟದ ಪ್ರಬಂಧ ಬರೆದಿದ್ದಳು. ನೀರು ಇಳಿದಂತೆಲ್ಲಾ ಹಗ್ಗಕ್ಕೆ ಅಜ್ಜಿಯು ಹಳೆಯ ಸೀರೆಯ ತುಂಡನ್ನು ಗಂಟುಹಾಕುತ್ತಿದ್ದುದನ್ನು ಅದರಲ್ಲಿ ಹೇಳಿದ್ದಳು. ನಾನು ಕೆಂಪು ಮಸಿಯಿಂದ “ಸಾಲದು, ಎರಡು ಪುಟ ಬರೆ” ಎಂದು ಬರೆದು ಅಂಕ ಕಡಿಮೆ ಕೊಟ್ಟೆನು. ಆ ಹಗ್ಗ ನನಗೆ ಇನ್ನೂ ನೆನಪಿದೆ. ಎರಡು ಪುಟ ತುಂಬಿಸಿದವರ ಒಂದು ವಾಕ್ಯವೂ ನೆನಪಿಲ್ಲ.

ಆದರೂ ಪ್ರಬಂಧವು ಹೋದುದು ಸಂಪೂರ್ಣ ಲಾಭವೆಂದು ಹೇಳಲಾರೆನು. ಕಾಲೇಜಿನವರು ಬಯಸಿದರೆ ವಿದ್ಯಾರ್ಥಿನಿಯ ಕೈಬರಹದ ಆ ಪ್ರಬಂಧವನ್ನೇ ತರಿಸಿ ನೋಡಬಹುದಾಗಿತ್ತು. ಈಗ ಪರೀಕ್ಷೆಯಲ್ಲಿ ಉಳಿದಿರುವುದು ಬಹುಪಾಲು ಉತ್ತರವನ್ನು ಆರಿಸುವ ಪ್ರಶ್ನೆಗಳೇ. ಅನೇಕ ಕಾಲೇಜುಗಳು ಅರ್ಜಿಯೊಡನೆ 650 ಶಬ್ದಗಳವರೆಗಿನ ಪ್ರಬಂಧವನ್ನು ಕೇಳುತ್ತವೆ. ಅದನ್ನು ಬರೆಯುವುದು ಮನೆಯಲ್ಲಿ. ಸ್ಥಿತಿವಂತರ ಮಕ್ಕಳ ಬರಹವನ್ನು ತಿದ್ದಲು ಸಂಬಳದ ಸಲಹೆಗಾರರಿರುವರು, ಈಗ ಯಂತ್ರಗಳೂ ಇರುವುವು. ಯಾರ ನೆರವೂ ಇಲ್ಲದ ಬಡ ಹುಡುಗಿಯ ಬರಹ ಅವಳದೇ ಎಂಬುದಕ್ಕೆ ಸಾಕ್ಷಿ ಯಾರು?

ಆದುದರಿಂದ ತಾಯಿಗೆ ಹೀಗೆಂದೆನು: “ಅವಸರದ ಪರೀಕ್ಷೆ ಹೋದುದು ನಿನ್ನ ಮಗಳಿಗೆ ಲಾಭವೇ. ಆದರೆ ಅವಳ ವಾಕ್ಯವನ್ನು ನೀನು ಬರೆದುಕೊಟ್ಟೆಯಾದರೆ ಆ ಲಾಭವನ್ನೆಲ್ಲಾ ನೀನೇ ಕಳೆದಂತೆ.”

ಪೋಷಕರೇ, ನಿಮ್ಮಲ್ಲಿಯೂ ನನ್ನ ಬಿನ್ನಹವು ಇದೇ. ಮಗಳು ಬರೆದುದನ್ನು ಓದಿರಿ, ತಿಳಿಯದುದನ್ನು ಕೇಳಿರಿ, ಲೇಖನಿಯನ್ನು ಮಾತ್ರ ಅವಳ ಕೈಯಲ್ಲಿಯೇ ಬಿಡಿರಿ. ನಾನಾದರೋ ಇನ್ನು ಮುಂದೆ ಪುಟಗಳನ್ನು ಎಣಿಸೆನು.